ಗಾಜಿನ ಬುಗುರಿ ತಿರುಗಿಸಿದ ಪಂಕ್ಚರ್ ನೋಣಯ್ಯ

ಓಯ್, ಆಚೆ ಬದಿಯಲ್ಲಿ ಬಸ್ಸಿಗೆ ಕಾಯುವವರೇ, ಸ್ವಲ್ಪ ಇತ್ತ ಕಿವಿ ಕೊಡಿ! ನೀವು ನಿಂತ ಈ ಬಿಜೈ ರಸ್ತೆಯ ಬದಿಯಲ್ಲೇ ನನ್ನ ಅಜ್ಜ ನೋಣಯ್ಯನವರ ಪಂಕ್ಚರ್ ಅಂಗಡಿ ಇತ್ತು. ಜೀವನವಿಡೀ ಲಾರಿ ಟಯರಿಗೆ ಗಾಳಿ ಹಾಕಿದ ಅಜ್ಜ, ೧೯೮೪ರ ಮೇ ತಿಂಗಳ ಒಂದು ಶನಿವಾರ ಪೆನ್ಸಿಲಿಗಿಂತ ಸಪೂರದ ಗಾಜಿನ ಕೊಳವೆಗೆ ಗಾಳಿ ಹಾಕಬೇಕಾಯಿತು.

ಅಂಗಡಿಯ ಹತ್ತಿರವೇ ಒಂದು ಔಷಧಿ ಕಂಪೆನಿಯ ಲ್ಯಾಬ್ ಇತ್ತು. ಅಲ್ಲಿಗೆ ಔಷಧಿಯನ್ನು ಪರೀಕ್ಷಿಸುವ ಎನ್ನೆಮ್ಮಾರ್ ಎಂಬ ಯಂತ್ರ ಬಂದು ಐದು ತಿಂಗಳಾಗಿತ್ತು. ಮೊದಲ ತಿಂಗಳು ಚೆನ್ನಾಗಿ ನಡೆದದ್ದು ಆಮೇಲೆ ಕೈಕೊಟ್ಟಿತು. ಆ ಶನಿವಾರ ಸಂಜೆಯೊಳಗೆ ಸರಿಯಾಗದಿದ್ದರೆ ಸೋಮವಾರ ಲಾರಿಗೆ ಹೇರಿ ಬೊಂಬಾಯಿಗೆ ಕಳಿಸುವುದೆಂದು ಮ್ಯಾನೇಜರ್ ಚಿತ್ತರಂಜನ ಶೆಟ್ಟರು ತೀರ್ಮಾನಿಸಿದ್ದರು. ಯಂತ್ರ ಹೋದರೆ ಅದನ್ನು ನಡೆಸುವ ಶಶಿಪ್ರಭಾ ಮೇಡಂ ಅವರ ಕೆಲಸವೂ ಹೋದಂತೆಯೇ.

ಅಂದು ಅಜ್ಜ ಅಂಗಡಿ ತೆರೆಯುವಾಗಲೇ ಲ್ಯಾಬಿನ ಅಟೆಂಡರ್ ಅಲೆಕ್ಸ್ ಓಡಿ ಬಂದ.

"ನೋಣಯ್ಯಣ್ಣ, ಎಲ್ಲ ನಿಮ್ಮ ಕಂಪ್ರೆಸರಿನ ಕಿತಾಪತಿ ಅಂತ ಶೆಟ್ರು ಹೇಳ್ತಿದ್ದಾರೆ."

ಯಂತ್ರಕ್ಕೆ ಗಾಳಿ ಕೊಡುವ ಕಂಪ್ರೆಸರನ್ನು ಕೂರಿಸಿದ್ದು ಅಜ್ಜನೇ.

"ಎಂತ? ನಾನು ಕೂರಿಸಿದ್ದಾ? ಅರ್ಧ ಮಂಗಳೂರಿನ ಬಸ್ಸು ನನ್ನ ಗಾಳಿಯಲ್ಲಿ ಓಡ್ತಾ ಉಂಟು ಮಾರಾಯ! ನಡಿ, ನೋಡುವ!"

ಬೆಳಗಿನ ಕೆಲಸವನ್ನೆಲ್ಲ ಅಲ್ಲೇ ಬಿಟ್ಟು ಅಜ್ಜ ಸ್ಪ್ಯಾನರ್ ಹಿಡಿದು ಹೊರಟರು. ಲ್ಯಾಬಿನ ಬಾಗಿಲಲ್ಲಿ ಮೇಡಂ ತಡೆದರು. "ಸ್ಪ್ಯಾನರ್ ಹೊರಗಿಡಿ, ವಾಚೂ ಬಿಚ್ಚಿಡಿ. ಒಳಗೆ ದೊಡ್ಡ ಅಯಸ್ಕಾಂತ ಉಂಟು."

ಒಳಗೆ ತಿಜೋರಿಯಷ್ಟು ಭಾರದ ಅಯಸ್ಕಾಂತ. ಅದರ ಎರಡು ಮುಖಗಳ ನಡುವಿನ ಸಂದಿನಲ್ಲಿ ಔಷಧಿಯ ದ್ರಾವಣ ತುಂಬಿದ ಗಾಜಿನ ಕೊಳವೆ, ಅದರ ಸುತ್ತ ತಂತಿಯ ಸುರುಳಿ. ಪಕ್ಕದ ಪೆಟ್ಟಿಗೆಯಿಂದ ರೇಡಿಯೋ ಅಲೆ ಹೋಗುತ್ತದೆ, ಔಷಧಿ ಉತ್ತರಿಸುತ್ತದೆ, ಆ ಉತ್ತರವನ್ನು ಪೆನ್ನೊಂದು ಕಾಗದದ ಮೇಲೆ ಗೀಚುತ್ತದೆ. ಕೊಳವೆಗೆ ಪ್ಲಾಸ್ಟಿಕ್ಕಿನ ಸಣ್ಣ ಚಕ್ರ ತೊಡಿಸಿದ್ದಾರೆ. ಅದಕ್ಕೆ ಗಾಳಿ ತಾಗಿದರೆ ಕೊಳವೆ ಬುಗುರಿಯಂತೆ ತಿರುಗಬೇಕು.

"ತಿರುಗುವುದು ಯಾಕೆ?" ಅಜ್ಜ ಕೇಳಿದರು.

"ಅಯಸ್ಕಾಂತದ ಬಲ ಎಲ್ಲ ಕಡೆ ಸಮ ಇರುವುದಿಲ್ಲ. ತಿರುಗಿದರೆ ಎಲ್ಲದಕ್ಕೂ ಸಮ ಸಿಗುತ್ತದೆ."

"ಹಾಗೆ ಹೇಳಿ. ಕೆಂಡದಲ್ಲಿ ಬಂಗುಡೆ ಮೀನು ತಿರುಗಿಸಿದ ಹಾಗೆ!"

"ಹಾಗೇ," ಎಂದು ಮೇಡಂ ನಕ್ಕರು. ಯಂತ್ರ ಕೈಕೊಟ್ಟ ಮೇಲೆ ಅವರು ನಕ್ಕದ್ದು ಅದೇ ಮೊದಲು ಎಂದು ಅಲೆಕ್ಸ್ ಆಮೇಲೆ ಹೇಳಿದ. ಮೇಡಂ ತೋರಿಸಿದ ಕಾಗದದ ಗೆರೆಯಲ್ಲಿ ಬಿಡಿಬಿಡಿಯಾಗಿ ಏಳಬೇಕಾದ ನಾಲ್ಕು ಕೊಂಬುಗಳು ಒಂದೇ ಗುಡ್ಡವಾಗಿ ಕೂತಿದ್ದವು. ಕೊಳವೆಯೋ ಕುಡಿದವನಂತೆ ತಿರುಗುತ್ತ, ನಿಲ್ಲುತ್ತ, ಮತ್ತೆ ತಿರುಗುತ್ತಿತ್ತು.

ಅಜ್ಜ ಗಾಳಿಯ ಪೈಪು ಬಿಚ್ಚಿ ಅಂಗೈ ಒಡ್ಡಿದರು. ಅಂಗೈ ಒದ್ದೆಯಾಯಿತು. ಅವರ ಮುಖ ಸಣ್ಣದಾಯಿತು.

"ಅಲೆಕ್ಸ್, ಟ್ಯಾಂಕಿಯ ನೀರು ಯಾವಾಗ ಬಿಟ್ಟದ್ದು?"

"ಯಾವ ನೀರು?"

ಅಜ್ಜ ವರಾಂಡಕ್ಕೆ ಹೋಗಿ ಕಂಪ್ರೆಸರಿನ ಅಡಿಗೆ ಬಗ್ಗಿದರು. ಟ್ಯಾಂಕಿಯ ಕೆಳಗಿನ ನಲ್ಲಿಯ ಬಾಯಿಗೆ ಬಿರಡೆ, ಅದರ ಮೇಲೆ ಮೇಣ.

"ತೊಟ್ಟಿಕ್ಕುತ್ತಿತ್ತು, ನಾನೇ ಮುಚ್ಚಿದೆ," ಅಲೆಕ್ಸ್ ಮೆಲ್ಲಗೆ ಹೇಳಿದ. "ಬಿಕರ್ನಕಟ್ಟೆ ಚರ್ಚಿನಿಂದ ತಂದ ಮೇಣದಬತ್ತಿ ಇತ್ತು. ಗಟ್ಟಿ ನಿಲ್ಲುತ್ತದೆ ಅಂತ."

"ನಿಂತಿದೆಯಲ್ಲ ಮಾರಾಯ, ನಾಲ್ಕು ತಿಂಗಳು! ಬಾಲಯೇಸುವಿಗೆ ಹಚ್ಚಬೇಕಾದ್ದನ್ನು ನನ್ನ ಟ್ಯಾಂಕಿಗೆ ಹಚ್ಚಿದೆಯಾ?"

ಅಜ್ಜ ಸ್ವಿಚ್ಚು ಆರಿಸಿ, ಗಾಳಿಯನ್ನೆಲ್ಲ ಹೊರಬಿಟ್ಟು, ಬಿರಡೆ ಕಿತ್ತು ನಲ್ಲಿ ತಿರುಗಿಸಿದರು. ಕಂದು ಬಣ್ಣದ ನೀರು ಒಂದು ಕೊಡಪಾನ ತುಂಬಿ ಇನ್ನೊಂದಕ್ಕೆ ಬಂತು. ನಮ್ಮೂರಿನ ಗಾಳಿ ಅಂದರೆ ಅರ್ಧ ನೀರೇ ಅಲ್ಲವೇ. ದಿನಾ ಬೆಳಿಗ್ಗೆ ಟ್ಯಾಂಕಿಯ ನೀರು ಬಿಡುವುದು ಪಂಕ್ಚರ್ ಅಂಗಡಿಯವರಿಗೆ ಮುಖ ತೊಳೆದಷ್ಟೇ ಸಹಜ.

ಅಷ್ಟರಲ್ಲಿ ಶೆಟ್ಟರು ಬಂದರು. "ಯಾರ ತಪ್ಪು ಇದು?"

ಅಲೆಕ್ಸ್ ತಲೆ ತಗ್ಗಿಸಿದ.

"ನನ್ನದು ಶೆಟ್ರೇ," ಎಂದರು ಅಜ್ಜ. "ದಿನಾ ನೀರು ಬಿಡಬೇಕು ಅಂತ ನಾನು ಇವರಿಗೆ ಹೇಳಲೇ ಇಲ್ಲ. ಎಲ್ಲರಿಗೂ ಗೊತ್ತುಂಟು ಅಂತ ಗ್ರಹಿಸಿದೆ. ಸಂಜೆಯವರೆಗೆ ಸಮಯ ಕೊಡಿ."

"ಐದು ಗಂಟೆ. ಆಮೇಲೆ ನಾನು ಲಾರಿಯವನಿಗೆ ಫೋನ್ ಮಾಡ್ತೇನೆ."

ಪೈಪಿನೊಳಗಿನ ತೇವ ಸುಲಭಕ್ಕೆ ಹೋಗಲಿಲ್ಲ. ಅಜ್ಜ ಅಂಗಡಿಯಿಂದ ಹಳೆಯ ಸೈಕಲ್ ಪಂಪು ತಂದು, ಅದರ ಹೊಟ್ಟೆಯೊಳಗಿನದನ್ನೆಲ್ಲ ತೆಗೆದರು. ಮೇಡಂ ಹತ್ತಿರ ತೇವ ಹೀರುವ ನೀಲಿ ಹರಳುಗಳಿದ್ದವು. ಅವನ್ನು ಪಂಪಿಗೆ ತುಂಬಿ, ಎರಡೂ ಬದಿಗೆ ಹತ್ತಿ ತುರುಕಿ, ಗಾಳಿಯ ದಾರಿಯಲ್ಲಿ ಕೂರಿಸಿದರು. ಮೊದಲ ಸಲದ ಹರಳು ಹತ್ತೇ ನಿಮಿಷದಲ್ಲಿ ತೇವ ಕುಡಿದು ಗುಲಾಬಿಯಾಯಿತು. ಎರಡನೆಯದೂ ಆಯಿತು. ಮೂರನೆಯದು ನೀಲಿಯಾಗಿಯೇ ಉಳಿಯಿತು.

ಐದಕ್ಕೆ ಹತ್ತು ನಿಮಿಷ. ಕೊಳವೆ ತಿರುಗಿತು. ಎಷ್ಟು ನಯವಾಗಿ ಎಂದರೆ ನಿಂತಿದೆಯೋ ಎಂದು ಅಲೆಕ್ಸ್ ಬಗ್ಗಿ ನೋಡಿದ. ಮೇಡಂ ಗುಂಡಿ ಒತ್ತಿದರು. ಪೆನ್ನು ಮೆಲ್ಲನೆ ಹೊರಟಿತು. ಒಂದು ಕೊಂಬು. ಎರಡು. ಮೂರು.

"ಇನ್ನೊಂದು ಬಾ, ಇನ್ನೊಂದು ಬಾ," ಅಜ್ಜ ಪೆನ್ನನ್ನೇ ಕರೆದರು.

ನಾಲ್ಕನೆಯದೂ ಎದ್ದಿತು, ಸೂಜಿಯಂತೆ.

ಶೆಟ್ಟರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಲಾರಿ ಬೇಡ," ಎಂದಷ್ಟೇ ಹೇಳಿ ಹೋದರು. ಮೇಡಂ ಕುರ್ಚಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಣಯ್ಯನವರೇ, ಇನ್ನು ದಿನಾ ನಾನೇ ನೀರು ಬಿಡ್ತೇನೆ."

"ನೀವು ಬೇಡ ಮೇಡಂ. ಅಲೆಕ್ಸ್ ಬಿಡಲಿ. ಮೇಣ ಮಾತ್ರ ದೇವರಿಗೆ ಹಚ್ಚಲಿ!"

ಅಜ್ಜ ವಾಚು ಕಟ್ಟಿಕೊಂಡು, ಸ್ಪ್ಯಾನರ್ ಹಿಡಿದು ಅಂಗಡಿಗೆ ಮರಳಿದರು. ಬಾಗಿಲು ಹಾಕಲು ಹೋದವರಿಗೆ ತಟ್ಟನೆ ನೆನಪಾಯಿತು. ಬೆಳಿಗ್ಗೆ ಓಡುವ ಅವಸರದಲ್ಲಿ ತನ್ನದೇ ಕಂಪ್ರೆಸರಿನ ನೀರು ಬಿಟ್ಟಿರಲಿಲ್ಲ! ಅತ್ತಿತ್ತ ನೋಡಿದರು. ಅಲೆಕ್ಸ್ ಎಲ್ಲೂ ಕಾಣಲಿಲ್ಲ. ಮೆಲ್ಲನೆ ಬಗ್ಗಿ ನಲ್ಲಿ ತಿರುಗಿಸಿದರು. ಒಂದು ಚೆಂಬು ನೀರು ಸುಯ್ಯೆಂದು ಚರಂಡಿಗೆ ಹಾರಿತು.