ಬೀಗ ಹಾಕಿದ ವಿಳಾಸ

ಸಕಲೇಶಪುರದ ನಮ್ಮ ಬೀದಿಯಲ್ಲಿ ಅಖ್ತರುನ್ನೀಸಾ ಅವರನ್ನು ಯಾರೂ ಪರದೇಶದವರು ಎಂದುಕೊಂಡದ್ದಿಲ್ಲ. ಅವರು ಕರಾಚಿಯಲ್ಲಿ ಹುಟ್ಟಿದವರು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಅದು ಇನ್ಯಾರದೋ ತವರು ಅರಸೀಕೆರೆ ಎಂದು ಗೊತ್ತಿರುವ ಹಾಗೆ, ಅಷ್ಟೆ. ಕ್ರಿಕೆಟ್ ಪಂದ್ಯದ ದಿನ ಮಾತ್ರ ಎದುರುಮನೆಯ ಬೆಟ್ಟಮ್ಮ ತಮ್ಮ ಜಗಲಿಯಿಂದಲೇ ಕೂಗುತ್ತಿದ್ದರು.

"ಇವತ್ತು ಯಾವ ಕಡೆ ಅಕ್ತ್ರಮ್ಮ?"

"ಕರೆಂಟ್ ಇರೋ ಕಡೆ ಕಣಕ್ಕ. ನಿಮ್ಮನೇಲಿ ಐತೆ ಅಂದ್ರೆ ಅಲ್ಲಿಗೇ ಬತ್ತೀನಿ."

ಅಖ್ತರುನ್ನೀಸಾರ ತಂದೆ ಇದೇ ಊರಿನವರು. ಲಾರಿ ರಿಪೇರಿಯ ಕೆಲಸ ಕಲಿತು, ದೇಶ ಭಾಗವಾದ ಕೆಲವು ವರ್ಷಗಳ ಮೇಲೆ ಕರಾಚಿಗೆ ಹೋಗಿ ಅಲ್ಲೇ ನಿಂತುಬಿಟ್ಟರು. ಅವರ ತಂಗಿ ಇಲ್ಲೇ ಉಳಿದರು. ಆ ತಂಗಿಯ ಮಗ ಕಲೀಮುಲ್ಲಾ. ಮಗಳನ್ನಾದರೂ ನನ್ನ ಊರಿಗೆ ಕೊಡುತ್ತೇನೆ ಎಂದು ತಂದೆ ಹಟ ಹಿಡಿದು, ಮೂವತ್ತೈದು ವರ್ಷಗಳ ಹಿಂದೆ ಈ ಮದುವೆ ಮಾಡಿದರು. ಮದುಮಗಳು ಬಂದದ್ದು ಬೇಸಿಗೆಯಲ್ಲಿ. ಜೂನಿನಲ್ಲಿ ಮಳೆ ಹಿಡಿದಾಗ, ಮಧ್ಯಾಹ್ನದ ಹೊತ್ತಿಗೆ ನಿಲ್ಲಬಹುದು ಎಂದು ಒಗೆದ ಬಟ್ಟೆಯನ್ನು ಬಕೆಟ್ಟಿನಲ್ಲಿಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಿದ್ದರಂತೆ. ಅದನ್ನು ಬೆಟ್ಟಮ್ಮ ಈಗಲೂ ಹೇಳಿ ನಗುತ್ತಾರೆ.

ಬಂದಾಗ ಅವರ ಕೈಯಲ್ಲಿದ್ದದ್ದು ಆ ದೇಶದ ಪಾಸ್‌ಪೋರ್ಟ್. ಇಲ್ಲಿರಲು ವಾಸದ ಪರವಾನಗಿ ಬೇಕಿತ್ತು. ಅದರ ಅವಧಿ ಮುಗಿಯುವ ಮೊದಲು ಹಾಸನದ ಕಚೇರಿಗೆ ಅರ್ಜಿ ಹಾಕಬೇಕು. ಫೋಟೊ, ಮದುವೆಯ ಕಾಗದ, ಗಂಡನ ಗುರುತಿನ ಚೀಟಿ, ಮನೆ ಕಂದಾಯದ ರಸೀದಿ ಎಲ್ಲ ಕೊಡಬೇಕು. ಆಮೇಲೆ ಊರಿನ ಠಾಣೆಯಿಂದ ಒಬ್ಬರು ಮನೆಗೆ ಬಂದು, ಈಕೆ ಇದೇ ವಿಳಾಸದಲ್ಲಿದ್ದಾರೆ ಎಂದು ಕಣ್ಣಾರೆ ನೋಡಿ ಬರೆದುಕೊಂಡು ಹೋಗಬೇಕು. ಇಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಿಬಿಡೋಣ ಎಂದು ಗಂಡ ಹೇಳುತ್ತಲೇ ಇದ್ದರು. ಆ ಪಾಸ್‌ಪೋರ್ಟ್ ಬಿಟ್ಟುಕೊಟ್ಟರೆ ಅಮ್ಮನನ್ನು ನೋಡಲು ಹೋಗುವುದು ಹೇಗೆ ಎಂದು ಹೆಂಡತಿ ಮುಂದೆ ಹಾಕುತ್ತಿದ್ದರು. ಮಗ ಅಮ್ಜದ್ ಕೈಗೂಸಾಗಿದ್ದಾಗ ಒಮ್ಮೆ ಹೋಗಿ ಬಂದರು. ಮತ್ತೆ ಹೋಗಲಾಗಲಿಲ್ಲ. ಅಮ್ಮ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಅದಾದ ಮೇಲೆ ಪೌರತ್ವಕ್ಕೆ ಹಾಕಿದ ಅರ್ಜಿ ಮೇಲಿನ ಕಚೇರಿಗೆ ಹೋಗಿ ಕೂತಿತು. ಅದು ಇಳಿದು ಬರುವ ತನಕ ಪರವಾನಗಿಯನ್ನೇ ಮುಂದುವರಿಸಿಕೊಂಡು ಹೋಗಬೇಕು.

ಇಷ್ಟು ವರ್ಷ ಅದು ತೊಂದರೆಯಿಲ್ಲದೆ ನಡೆಯಿತು. ತೊಂದರೆ ಬಂದದ್ದು ಅವರು ಮಾಡುತ್ತಿದ್ದ ಕಸುಬಿನಿಂದ.

ಕಲೀಮುಲ್ಲಾ ಕಾಫಿ ವ್ಯಾಪಾರಿ. ಅಂಗಡಿ ಹಾಕಿ ಕೂತವರಲ್ಲ. ಹಣ್ಣು ಗಿಡದ ಮೇಲಿರುವಾಗಲೇ ತೋಟದ ಫಸಲನ್ನು ಗುತ್ತಿಗೆಗೆ ಹಿಡಿದು, ತಾವೇ ಆಳಿಟ್ಟು ಕುಯ್ಲು ಮಾಡಿಸಿ, ಒಣಗಿಸಿ ಮಾರುವವರು. ಹೀಗೆ ಫಸಲು ಹಿಡಿದವರು ಕುಯ್ಲು ಮುಗಿಯುವ ತನಕ ತೋಟದಲ್ಲೇ ಇರಬೇಕು. ಕಣದಲ್ಲಿ ಹರವಿದ ಹಣ್ಣನ್ನು ಹಗಲೆಲ್ಲ ಕೈಯಾಡಿಸಬೇಕು, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಬೇಕು, ಕಳ್ಳರಿಂದಲೂ ಹಂದಿಗಳಿಂದಲೂ ಕಾಯಬೇಕು. ಹಾಗಾಗಿ ಕಣಕ್ಕೆ ಹೋಗುವುದೆಂದರೆ ಪಾತ್ರೆ, ಹಾಸಿಗೆ, ಕೋಳಿ ಎಲ್ಲವನ್ನೂ ಜೀಪಿಗೆ ಹೇರಿ ಮನೆಗೆ ಬೀಗ ಹಾಕಿ ಹೊರಡುವುದು. ಅಖ್ತರುನ್ನೀಸಾ ಕನ್ನಡ ಕಲಿತದ್ದು ಹಾನುಬಾಳು, ಹೆತ್ತೂರು ಕಡೆಯ ಕಣಗಳಲ್ಲಿ, ಕೂಲಿಯಾಳುಗಳ ಲೈನುಮನೆಯ ಹೆಂಗಸರ ಜೊತೆ. ಮನೆಯಲ್ಲಿ ಗಂಡ ಹೆಂಡತಿ ಆಡುತ್ತಿದ್ದದ್ದು ಉರ್ದು. ಕಣದ ವಿಷಯ ಬಂದರೆ ಮಾತು ತಾನಾಗಿ ಕನ್ನಡಕ್ಕೆ ತಿರುಗುತ್ತಿತ್ತು.

ಆ ದಿನಗಳಲ್ಲಿ ಠಾಣೆಯವರು ಬಂದು ಬೀಗ ನೋಡಿದರೂ ಏನೂ ಆಗುತ್ತಿರಲಿಲ್ಲ. ಬೆಟ್ಟಮ್ಮ ಫೋನ್ ಮಾಡಿಸುತ್ತಿದ್ದರು, ಅಖ್ತರುನ್ನೀಸಾ ಹಾನುಬಾಳಿನಿಂದ ಮುಂದಿನ ಬಸ್ಸಿಗೆ ಬಂದು ಬಾಗಿಲು ತೆಗೆದು ಚಹಾ ಕಾಸುತ್ತಿದ್ದರು. ತಾಲೂಕು ಒಂದೇ. ಪೊಲೀಸರೂ ಹಳಬರು.

ಈಚಿನ ಒಂದು ವರ್ಷ ಹಾನುಬಾಳಿನ ಕಡೆ, ಕಾಫಿ ಗಿಡ ಹೂಬಿಡಲು ಬೇಕಾದ ಹೂವಿನ ಮಳೆ ಕೈಕೊಟ್ಟಿತು. ಗಿಡದಲ್ಲಿ ಹಣ್ಣು ನಿಲ್ಲಲಿಲ್ಲ. ಕಲೀಮುಲ್ಲಾ ಆಲೂರು ತಾಲೂಕಿನಲ್ಲಿ, ಹೊಸಕೋಟೆ ಕಡೆಯ ಒಂದು ತೋಟದ ಫಸಲು ಹಿಡಿದರು. ಪರವಾನಗಿಯ ಅರ್ಜಿಯನ್ನು ಆಗಷ್ಟೇ ಹಾಕಿ ಆಗಿತ್ತು. ಜೀಪಿಗೆ ಸಾಮಾನು ಏರಿಸುವಾಗ ಅಮ್ಜದ್ ಕೇಳಿದ.

"ಅಬ್ಬಾ, ಠಾಣೆಗೆ ಒಂದ್ ಮಾತು ಹೇಳ್ಬಿಟ್ಟು ಹೋಗೋಣ್ವಾ?"

"ಕಣಕ್ಕೋಗೋದ್ಕೂ ಪೊಲೀಸ್ರಿಗೆ ಹೇಳ್ತಾರೇನೋ ಮಾರಾಯ? ನಾಳೆ ಬಚ್ಚಲಿಗೋಗೋದ್ಕೂ ಅರ್ಜಿ ಬರಿ ಅಂತೀಯ ನೀನು."

ಅಖ್ತರುನ್ನೀಸಾ ಕೋಳಿಬುಟ್ಟಿ ಹಿಡಿದುಕೊಂಡು ಮುಂದಿನ ಸೀಟಿನಲ್ಲಿ ಕೂತು ನಕ್ಕರು. ಊರು ಬಿಟ್ಟು ಹೋಗುತ್ತಿದ್ದೇವೆ ಎಂದು ಮೂವರಲ್ಲಿ ಯಾರಿಗೂ ಅನ್ನಿಸಲಿಲ್ಲ.

ಜನವರಿಯಲ್ಲಿ ಧರ್ಮ ಎಂಬ ಪೇದೆ ಬಂದ. ಬೇರೆ ತಾಲೂಕಿನಿಂದ ಹೊಸದಾಗಿ ವರ್ಗವಾಗಿ ಬಂದವನು. ಬಾಗಿಲಿಗೆ ಬೀಗ. ಎದುರು ಜಗಲಿಯಲ್ಲಿ ಬೆಟ್ಟಮ್ಮ ಅವರೆಕಾಯಿ ಸುಲಿಯುತ್ತಿದ್ದರು.

"ಈ ಮನೆಯೋರು ಎಲ್ಲಿ ಅಜ್ಜಿ?"

"ಅವ್ರೆಲ್ಲವ್ರೆ ಇಲ್ಲಿ? ಹೋಗಿ ಎರಡು ತಿಂಗ್ಳಾಯ್ತಲ್ಲ. ಆಲೂರ್ ಕಡೆ ಎಲ್ಲೋ ಕಣ ಮಾಡವ್ರೆ."

"ಎಲ್ಲೋ ಅಂದ್ರೆ? ಯಾವ ತೋಟ?"

"ನಂಗೇನ್ ಗೊತ್ತಪ್ಪ. ಎಲ್ಗೂ ಓಡೋಗಿಲ್ಲ ಬುಡು, ಮಾರ್ಚಿಗೆ ಬತ್ತಾರೆ."

ಧರ್ಮ ಫೋನ್ ಮಾಡಿದ. ಆ ತೋಟದಲ್ಲಿ ಗೇಟಿನ ತನಕ ಏರಿ ನಿಂತರೆ ಮಾತ್ರ ಫೋನ್ ಸಿಗುತ್ತಿತ್ತು. ಮುಂದಿನ ವಾರ ಇನ್ನೊಮ್ಮೆ ಬಂದು ನೋಡಿದ. ಅದೇ ಬೀಗ. ಕಂಡದ್ದನ್ನು ಬರೆದು ಕಳಿಸಿದ.

ಹಾಸನದಿಂದ ಕರೆ ಬಂದಾಗ ಅಖ್ತರುನ್ನೀಸಾ ಹಣ್ಣಿನ ಕಲೆ ಹತ್ತಿದ ಕೈಯಲ್ಲೇ ಹೊರಟರು. ಸೋಪು ಹಾಕಿ ತಿಕ್ಕಿದರೂ ಅದು ಹೋಗುವುದಿಲ್ಲ. ಕಚೇರಿಯಲ್ಲಿ ಸುಚಿತ್ರಾ ಎಂಬ ಅಧಿಕಾರಿ ಅವರನ್ನು ಕೂರಿಸಿ, ನೀರು ಕೊಡಿಸಿ, ಆಮೇಲೆ ಕೇಳಿದರು.

"ಎಲ್ಲಿದ್ರಿ ಅಮ್ಮ, ಎರಡು ತಿಂಗಳು?"

"ಕಣದಲ್ಲಿದ್ದೆ ಮೇಡಂ. ಆಲೂರು ಕಡೆ."

"ಪರವಾನಗಿಯಲ್ಲಿ ಸಕಲೇಶಪುರ ತಾಲೂಕು ಅಂತ ಇದೆ. ಬೇರೆ ಕಡೆ ಉಳ್ಕೊಳ್ಳೋದಾದ್ರೆ ಮೊದಲೇ ತಿಳಿಸಿ ಒಪ್ಪಿಗೆ ತಗೋಬೇಕು. ಯಾರೂ ಹೇಳಿರ್ಲಿಲ್ವಾ?"

ಕಲೀಮುಲ್ಲಾ ಮಧ್ಯೆ ಬಂದರು. "ಆಲೂರು ಬೇರೆ ಕಡೆ ಹೆಂಗಾಯ್ತದೆ ಮೇಡಂ? ಬಸ್ ಹತ್ತಿ ಒಂದ್ ನಿದ್ದೆ ತೆಗೆಯೋದ್ರೊಳಗೆ ಬರುತ್ತೆ."

"ನಿಮಗೆ ಬೇರೆ ಕಡೆ ಅಲ್ಲ ಸಾಬ್ರೇ. ಅವರಿಗೆ ಬೇರೆ ಕಡೆ."

ಕಲೀಮುಲ್ಲಾ ಹೆಂಡತಿಯ ಕಡೆ ನೋಡಿದರು. ಸುಚಿತ್ರಾ ವಿವರಣೆ ಬರೆಸಿಕೊಂಡರು. ಕೊಟ್ಟ ವಿಳಾಸದಲ್ಲಿ ವಾಸವಿಲ್ಲ ಎಂಬ ವರದಿ ಆಗಲೇ ಮೇಲೆ ಹೋಗಿದೆ, ತೀರ್ಮಾನ ಅಲ್ಲಿಂದಲೇ ಬರಬೇಕು ಎಂದರು. ಅಲ್ಲಿಯ ತನಕ ಅಖ್ತರುನ್ನೀಸಾ ಮನೆಯಲ್ಲೇ ಇರಬೇಕು, ತಾಲೂಕು ದಾಟಬಾರದು, ಪ್ರತಿ ಸೋಮವಾರ ಠಾಣೆಯಲ್ಲಿ ರುಜು ಹಾಕಬೇಕು.

"ಆಗಲ್ಲ ಅಂತ ಬಂದ್ರೆ ಮೇಡಂ?"

"ದೇಶ ಬಿಟ್ಟು ಹೋಗೋಕೆ ನೋಟಿಸ್ ಬರುತ್ತೆ ಅಮ್ಮ."

"ಅಲ್ಲಿ ನಂಗ್ಯಾರಿದಾರೆ? ಅಮ್ಮ ಇದ್ದ ಮನೆ ಯಾರದ್ದೋ ಆಗೋಗೈತೆ. ಯಾರ ಬಾಗ್ಲಿಗೆ ಹೋಗಿ ನಿಂತ್ಕೊಳ್ಳಿ?"

ಸುಚಿತ್ರಾ ಕಾಗದಗಳನ್ನು ಜೋಡಿಸಿ ಇಟ್ಟರು.

ಅರ್ಧ ಫಸಲು ಇನ್ನೂ ಗಿಡದ ಮೇಲಿತ್ತು. ಕಲೀಮುಲ್ಲಾ ಒಬ್ಬರೇ ಕಣಕ್ಕೆ ಮರಳಿದರು. ಎರಡು ವರ್ಷದ ಕೆಳಗೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಅಖ್ತರುನ್ನೀಸಾ ಅಡುಗೆ ಮಾಡಿ ಡಬ್ಬಿ ಕಟ್ಟಿ ಅಮ್ಜದನ ಜೀಪಿನಲ್ಲಿ ಕಳಿಸುತ್ತಿದ್ದರು. ಸಂಜೆ ಕಲೀಮುಲ್ಲಾ ಗೇಟಿನ ತನಕ ಏರಿ ಫೋನ್ ಮಾಡುತ್ತಿದ್ದರು. ಏರಿನ ಏದುಸಿರು ಫೋನಿನಲ್ಲಿ ಕೇಳುತ್ತಿತ್ತು.

"ಗುಡ್ಡೆ ಮಾಡಿದ್ರಾ?"

"ಮಾಡ್ದೆ."

"ಮೂಲೇಲಿರೋ ಹಸಿ ಹಣ್ಣು ಒಣಗಿರೋದಕ್ಕೆ ಸೇರಿಸ್ಬೇಡಿ."

"ನೀನಿಲ್ದೆ ಕಣ ನನ್ ಮಾತು ಕೇಳ್ತಿಲ್ಲ ಕಣೇ."

"ಮಾತ್ರೆ ತಗೊಂಡ್ರಾ?"

"ತಗೊಂಡೆ" ಎಂದರೆ ಮರೆತಿದ್ದಾರೆ ಎಂದೇ ಅಖ್ತರುನ್ನೀಸಾ ತಿಳಿದುಕೊಳ್ಳುತ್ತಿದ್ದರು.

ಬೆಟ್ಟಮ್ಮ ಕೆಲವು ದಿನ ಎದುರಿಗೇ ಬರಲಿಲ್ಲ. ಕೊನೆಗೊಂದು ದಿನ ಬಟ್ಟಲಲ್ಲಿ ಅವರೆಕಾಳಿನ ಹುಳಿ ಹಿಡಿದು ಬಾಗಿಲಲ್ಲಿ ನಿಂತರು.

"ನನ್ ಬಾಯಿಂದ ಹಿಂಗಾಗ್ಬುಡ್ತಲ್ಲ ಅಕ್ತ್ರಮ್ಮ."

"ಇದ್ದದ್ದು ಹೇಳಿದ್ದೀರಿ. ಸುಳ್ಳು ಹೇಳ್ಬೇಕಿತ್ತಾ?"

"ಗೊತ್ತಿದ್ರೆ ಹೇಳ್ತಿದ್ದೆ ಕಣವ್ವ. ಒಳಗೆ ಮಲಗವ್ಳೆ, ನನ್ ಕೈಲೇ ಬೀಗ ಹಾಕುಸ್ಕೊಂಡವ್ಳೆ ಅಂತಿದ್ದೆ."

ಇಬ್ಬರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿದ್ದು ಅದೇ ಕೊನೆ.

ಫೆಬ್ರವರಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅಕಾಲದಲ್ಲಿ ಮೋಡ ಕಟ್ಟಿತು. ಕಣದ ತುಂಬ ಒಣಗಿದ ಕಾಫಿ ಹರವಿತ್ತು. ಆಳುಗಳು ಗಿಡದ ಸಾಲಿನಿಂದ ಓಡಿ ಬರುವಷ್ಟರಲ್ಲಿ ಕಲೀಮುಲ್ಲಾ ಒಬ್ಬರೇ ಟಾರ್ಪಾಲ್ ಎಳೆಯತೊಡಗಿದ್ದರು. ಅದರ ತುದಿ ಹಿಡಿದುಕೊಂಡೇ ಕಣದಲ್ಲಿ ಕುಸಿದರು. ಆಗಷ್ಟೇ ಡಬ್ಬಿ ತಂದಿದ್ದ ಅಮ್ಜದ್ ಅವರನ್ನು ಜೀಪಿಗೆ ಹಾಕಿಕೊಂಡು ಆಲೂರಿನ ಮೇಲೆ ಹಾಸನದ ಆಸ್ಪತ್ರೆಗೆ ಹೊರಟ. ಗೇಟಿನಲ್ಲಿ ನಿಲ್ಲಿಸಿ ತಾಯಿಗೆ ಫೋನ್ ಮಾಡಿದ. ಆ ದಾರಿ ಸಕಲೇಶಪುರಕ್ಕೆ ಬರುವುದಿಲ್ಲ.

ಅಖ್ತರುನ್ನೀಸಾ ಬುರ್ಖಾ ಹಾಕಿಕೊಂಡು ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗಲಿಲ್ಲ, ಠಾಣೆಗೆ ಹೋದರು. ಅಲ್ಲಿ ಧರ್ಮ ಇದ್ದ. ವಿಷಯ ಕೇಳಿ ಎದ್ದು ನಿಂತ. ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ತಾಲೂಕು ದಾಟುವ ಒಪ್ಪಿಗೆಗಾಗಿ ಹಾಸನದ ಕಚೇರಿಗೆ ಅವನೇ ಫೋನ್ ಹಚ್ಚಿದ. ಮೇಲಿನವರನ್ನು ಕೇಳಿ ತಿಳಿಸುತ್ತೇವೆ, ತಡ ಮಾಡುವುದಿಲ್ಲ ಎಂದರು ಅಲ್ಲಿಯವರು. ಅವನು ಸುತ್ತ ನೋಡಿ ದನಿ ತಗ್ಗಿಸಿದ.

"ನೀವು ಹೋಗ್ಬುಡಿ ಅಮ್ಮ. ಹೊರಗೆ ಹಾಸನದ ಬಸ್ ನಿಂತೈತೆ. ನಾನು ನೋಡ್ಲಿಲ್ಲ ಅಂತೀನಿ."

"ನೀವು ನೋಡ್ಲಿಲ್ಲ ಅಂತ ಬರೆದಿದ್ದಕ್ಕೇ ನಾನಿಲ್ಲಿ ನಿಂತಿರೋದು ಸಾರ್."

ಅಖ್ತರುನ್ನೀಸಾ ಬೆಂಚಿನ ಮೇಲೆ ಕೂತರು. ಮತ್ತೊಮ್ಮೆ ತಾಲೂಕು ದಾಟಿದ್ದು ತಿಳಿದರೆ ನೋಟಿಸ್ ಖಂಡಿತ. ಗಂಡ ಉಳಿದುಕೊಂಡರೆ, ಅವರನ್ನು ನೋಡಿಕೊಳ್ಳಲು ತಾವಿಲ್ಲಿರಬೇಕು. ಈಗ ಬಸ್ಸು ಹತ್ತಿಬಿಟ್ಟರೆ ಅದನ್ನೇ ಕಳೆದುಕೊಂಡ ಹಾಗೆ. ಹೀಗೆ ಲೆಕ್ಕ ಹಾಕಿದೆ ಎಂದು ಅವರು ಆಮೇಲೆ ಬೆಟ್ಟಮ್ಮನಿಗೆ ಹೇಳಿದರು. ಹಾಸನದ ಬಸ್ಸು ಹೋಯಿತು. ಆಮೇಲಿನದೂ ಹೋಯಿತು.

ಹೊತ್ತು ಮುಳುಗುವ ಮೊದಲೇ ಒಪ್ಪಿಗೆ ಬಂತು. ಧರ್ಮ ಅದನ್ನು ಕೈಯಲ್ಲಿ ಹಿಡಿದು ಓಡಿ ಬಂದ. ಅಖ್ತರುನ್ನೀಸಾ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದರು.

"ಬರೋದ್ ಬೇಡ ಅಮ್ಮೀ" ಎನ್ನುತ್ತಿದ್ದ ಅಮ್ಜದ್. "ಆಲೂರ್ ದಾಟಲಿಲ್ಲ. ಅಬ್ಬಾನ ಮನೆಗೇ ತರ್ತಿದೀನಿ."

ಮಾರನೆಯ ದಿನ ಮಧ್ಯಾಹ್ನದ ನಮಾಜಿನ ನಂತರ ಮಣ್ಣಾಯಿತು. ಅಲ್ಲಿ ಹೊಸಕೋಟೆಯ ತೋಟದಲ್ಲಿ ಅರ್ಧ ಹೊದಿಸಿದ ಟಾರ್ಪಾಲಿನ ಕೆಳಗೆ ಕಾಫಿ ನೆನೆದು ಬೂಷ್ಟು ಹಿಡಿಯಿತು. ಯಾರೂ ಅತ್ತ ಹೋಗಲಿಲ್ಲ.

ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು ಎಂಬುದು ಅವರ ಕಟ್ಟಳೆ. ಇದ್ದತ್ ಎನ್ನುತ್ತಾರೆ. ಸೋಮವಾರ ಬಂತು. ಅನಿವಾರ್ಯಕ್ಕೆ ಹೊರಗೆ ಹೋಗಬಹುದು ಎಂದು ಮಸೀದಿಯ ಹಿರಿಯರು ಹೇಳಿ ಕಳಿಸಿದರು. ಅಖ್ತರುನ್ನೀಸಾ ಜೀಪಿನಲ್ಲಿ ಹೋಗಿ, ತಲೆ ಎತ್ತದೆ ರುಜು ಹಾಕಿ ಬಂದರು. ಗಂಡ ತೀರಿಕೊಂಡ ಸುದ್ದಿಯನ್ನು ಅವರೇ ಬರೆದು ತಿಳಿಸಿದರು. ಈ ಸಲ ತಿಳಿಸಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ಆ ತಿಳಿಸಿದ್ದೇ ಇನ್ನೊಂದು ತೊಡಕಾಯಿತು. ಸುಚಿತ್ರಾ ತಾವೇ ಫೋನ್ ಮಾಡಿದರು. ಭಾರತೀಯನ ಹೆಂಡತಿ ಎಂಬ ಆಧಾರದ ಮೇಲೆ ಪರವಾನಗಿಯ ಅರ್ಜಿ ಇತ್ತು. ಈಗ ಆ ಆಧಾರ ಉಳಿಯಲಿಲ್ಲ. ವಿಧವೆ ಎಂದು ಹೊಸ ಅರ್ಜಿ ಹಾಕಬೇಕು, ಮರಣ ಪತ್ರ ಲಗತ್ತಿಸಬೇಕು, ಮನೆಯ ಪರಿಶೀಲನೆ ಮೊದಲಿನಿಂದ ಆಗಬೇಕು. ಕೊನೆಗೆ ಸುಚಿತ್ರಾ ಒಂದು ಮಾತು ಸೇರಿಸಿದರು. "ನಾನು ಬರೆಯೋದನ್ನ ಚೆನ್ನಾಗೇ ಬರೀತೀನಿ ಅಮ್ಮ. ಆದ್ರೆ ಹಿಂದಿನ ವರದಿ ಕಡತದಲ್ಲಿ ಹಾಗೇ ಇರುತ್ತೆ."

ಪರಿಶೀಲನೆಗೆ ಇನ್ನೂ ಯಾರೂ ಬಂದಿಲ್ಲ. ಯಾವ ದಿನ ಬರುತ್ತಾರೆ ಎಂದು ಹೇಳಿ ಬರುವುದೂ ಇಲ್ಲ. ಅಮ್ಜದ್ ಬಾಡಿಗೆಗೆ ಜೀಪು ಓಡಿಸುತ್ತಾನೆ. ಯಾರೋ ಹೆತ್ತೂರು ಕಡೆ ಒಂದು ಫಸಲು ಇದೆ ಎಂದಾಗ ತಾಯಿ ಬೇಡ ಎಂದರು.

ಈಗ ಆ ಮನೆಯ ಮುಂಬಾಗಿಲು ಬೆಳಗಾದರೆ ತೆರೆದಿರುತ್ತದೆ. ಇದ್ದತ್ತಿನಲ್ಲಿರುವ ಹೆಂಗಸು ಹೊರಗಿನವರ ಕಣ್ಣಿಗೆ ಬೀಳದೆ ಒಳಕೋಣೆಯಲ್ಲಿರುವುದು ವಾಡಿಕೆ. ಅಖ್ತರುನ್ನೀಸಾ ನಡುಮನೆಯಲ್ಲಿ, ಬೀದಿಗೆ ಕಾಣುವ ಹಾಗೆ, ಚಾಪೆ ಹಾಕಿಕೊಂಡು ಕೂರುತ್ತಾರೆ. ಮಳೆ ಹಿಡಿದಿದೆ. ಎರಚಲು ಹೊಸ್ತಿಲು ದಾಟಿ ಚಾಪೆಯ ಅಂಚಿನ ತನಕ ಬರುತ್ತದೆ.

"ಬಾಗ್ಲಾದ್ರೂ ಹಾಕ್ಕೊಳೇ, ಅಕ್ತ್ರಮ್ಮ" ಎಂದು ಬೆಟ್ಟಮ್ಮ ಎದುರಿನಿಂದ ಕೂಗುತ್ತಾರೆ. "ಒಳಗೆಲ್ಲ ನೀರಾಗ್ತೈತೆ. ಥಂಡಿ ಹಿಡ್ಕೊಂಡು ಸಾಯ್ತೀಯ."

"ಬ್ಯಾಡಕ್ಕ" ಎನ್ನುತ್ತಾರೆ ಅಖ್ತರುನ್ನೀಸಾ. "ದೂರದಿಂದ ನೋಡೋರಿಗೆ ಬೀಗ ಹಾಕ್ದಂಗೆ ಕಾಣ್ತದೆ."