ಸತ್ತವಳ ಕನ್ನಡಕ

ಎಡಗಣ್ಣು, ಮೈನಸ್ ಒಂದೂವರೆ. ಬಲಗಣ್ಣು ಸರಿಯಾಗಿದೆ.

ಶಾಲೆಯಲ್ಲಿ ಕಣ್ಣು ಪರೀಕ್ಷೆ ಮಾಡಿದಾಗ ಬರೆದಿಟ್ಟ ನಂಬರ್ ಇದು. ಹುಡುಗಿ ಪವಿತ್ರ, ಒಂಬತ್ತನೇ ಕ್ಲಾಸು. (ನಿಜವಾದ ಹೆಸರು ಬೇರೆ. ಊರನ್ನೂ ಹೇಳುವುದಿಲ್ಲ. ಗುಂಡ್ಲುಪೇಟೆ ತಾಲ್ಲೂಕು ಅಂದರೆ ಸಾಕು.) ಹೋದ ವರ್ಷ ಅವಳಿಗೆ ಕನ್ನಡಕವೂ ಸಿಕ್ಕಿದೆ.

ತೊಂದರೆ ಇಷ್ಟೇ. ಮರಣ ನೋಂದಣಿಯ ಪ್ರಕಾರ ಪವಿತ್ರ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದಾಳೆ.

ನನ್ನ ಕೆಲಸ ಇಷ್ಟು. ಚಾಮರಾಜನಗರದ ಒಂದು ರೂಮಿನಲ್ಲಿ ಕೂತು ಜನನ, ಮರಣ, ಲಸಿಕೆ, ಆಸ್ಪತ್ರೆ, ಶಾಲೆ ಅಂತ ಚೆದುರಿಹೋದ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸುವುದು. ಮಕ್ಕಳ ಆರೋಗ್ಯದ ಸಂಶೋಧನೆಗೆ. ಹೆಸರು, ತಂದೆತಾಯಿ, ಊರು, ಹುಟ್ಟಿದ ದಿನ ತಾಳೆಯಾದರೆ ಒಬ್ಬಳೇ ಅಂತ ಲೆಕ್ಕ. ಸತ್ತ ಮೇಲೂ ದಾಖಲೆ ಮುಂದುವರಿದರೆ? ಸಾವನ್ನೇ ತಪ್ಪು ಅಂತ ತಿಳಿದು ಸಾಫ್ಟ್‌ವೇರ್ ಅಳಿಸಿಬಿಡುತ್ತದೆ. ಬಹಳ ಸಲ ಅದೇ ಸರಿ ಇರುತ್ತದೆ.

ಅಳಿಸುವ ಮೊದಲು ಕೆಲವು ಮನೆಗಳಿಗೆ ಹೋಗಿ ವಿಚಾರಿಸಬೇಕು. ಹಾಗೆ ತೆರಕಣಾಂಬಿ ದಾಟಿ ಬಸ್ಸಿಳಿದೆ.

"ಸತ್ತೋಳು ಅಂತೀರಲ್ಲ ಮೇಡಂ," ಊರಿನ ಆಶಾ ಕಾರ್ಯಕರ್ತೆ ರತ್ನಮ್ಮ ದಾರಿಯುದ್ದಕ್ಕೂ ನಕ್ಕರು. "ಕಬ್ಬಿಣದ ಮಾತ್ರೆ ಬ್ಯಾಡ ಅಂತ ಮೊನ್ನೆ ನನ್ ಜೊತೆ ಜಗಳ ಆಡುದ್ಲು!"

ಬಾಗಿಲು ತೆರೆದೇ ಇತ್ತು. ಒಳಗೆ ಕತ್ತಲೆ. "ಪವಿತ್ರ ಇದ್ದಾಳಾ?" ಅಂದೆ.

"ಇದೀನಿ ಅಕ್ಕಾ, ಬನ್ನಿ."

ಮಟಮಟ ಮಧ್ಯಾಹ್ನ. ಆದರೂ ಹೊಸ್ತಿಲು ದಾಟಲು ನನಗೆ ಒಂದು ಗಳಿಗೆ ಹಿಡಿಯಿತು.

ಹುಡುಗಿ ಕನ್ನಡಕ ಹಾಕಿಕೊಂಡಿದ್ದಳು. ಚಾಪೆ ಹಾಸಿದಳು. ತಾಯಿ ಮಹದೇವಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದು ಕೂತರು. ಬಂದ ವಿಷಯ ಹೇಳಿ, ಮೆಲ್ಲಗೆ ಕೇಳಿದೆ: ಮೊದಲು ಒಂದು ಮಗು ಹೋಗಿತ್ತಾ?

"ಊಂ. ಜ್ವರ ಬಂದು ಓಯ್ತು. ಆಮೇಕೆ ಬಂತು."

"ಇನ್ನೊಂದು ಮಗು ಆಯ್ತಾ?"

"ಇನ್ನೊಂದಲ್ಲ ಕಣವ್ವಾ. ಅದೇಯ." ಮಗಳನ್ನು ಹತ್ತಿರ ಎಳೆದು, ಜಡೆ ಎತ್ತಿ, ಕಿವಿಯ ಹಿಂದೆ ತೋರಿಸಿದರು. "ಮಣ್ಣು ಮಾಡೋಕ್ ಮುಂಚೆ ಇಲ್ಲಿ ಮಸಿ ಅಚ್ಚಿದ್ದೆ, ಗುರ್ತು ಸಿಗ್ಲಿ ಅಂತ. ಅರಿಸಿನ ಕಿತ್ತು ಬೇಯ್ಸೋ ಕಾಲ್ದಲ್ಲಿ ವಾಪಸ್ ಬಂದ್ಳು. ನೋಡು, ಅಂಗೇ ಅದೆ."

ಹೆಬ್ಬೆರಳಿನಷ್ಟು ಕಪ್ಪು ಮಚ್ಚೆ. ಯಾರೋ ಈಗಷ್ಟೇ ಒತ್ತಿ ಕೈ ತೆಗೆದ ಹಾಗೆ.

"ಇವಳು ಹುಟ್ಟಿದ್ದನ್ನ ಬರೆಸಿದ್ರಾ?"

ನನಗೆ ಬುದ್ಧಿ ಇಲ್ಲವೇನೋ ಎಂಬಂತೆ ನೋಡಿದರು. "ಯಾಕ್ ಬರ್ಸದು? ಮೊದ್ಲೇ ಬರ್ಸಿತ್ತಲ್ಲ! ಮನೇಲೇ ಎರಿಗೆ ಆಯ್ತು. ಸ್ಕೂಲ್ಗೂ ಆ ಸರ್ಟಿಫಿಕೇಟೇ ಕೊಟ್ಬುಟ್ವಿ."

ರತ್ನಮ್ಮ ನಗು ನಿಲ್ಲಿಸಿದ್ದರು.

ನಾನು ವಾದ ಮಾಡುವವಳಲ್ಲ. ಏನಂತ ವಾದ ಮಾಡಲಿ? ತಾಯಿ ಒಬ್ಬಳೇ ಅನ್ನುತ್ತಾಳೆ. ಸಾಫ್ಟ್‌ವೇರ್ ಕೂಡ ಒಬ್ಬಳೇ ಅನ್ನುತ್ತದೆ. ಇಬ್ಬರ ನಡುವೆ ಇಷ್ಟು ಒಮ್ಮತ ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ.

ಬಸ್ ಸ್ಟಾಪಿನವರೆಗೆ ಹುಡುಗಿ ಜೊತೆಗೆ ಬಂದಳು. ದೂರದಲ್ಲಿ ಬಸ್ಸು ಕಾಣಿಸಿತು. ಆಮೇಲೆ ಗಡಿಬಿಡಿಯಲ್ಲಿ, "ಅಕ್ಕಾ, ಇಬ್ರು ಅಂತ ಬರೀರಿ."

"ಅಮ್ಮ?"

"ಅಮ್ಮಂಗೆ ಏಳ್ಬೇಡಿ. ಅವ್ಳು ಉಟ್ಟಿದ್ ದಿನಾನೇ ನಂಗೂ ಒಸ ಬಟ್ಟೆ. ನಂಗೆ ಜ್ವರ ಬಂದ್ರೆ ಅಮ್ಮ 'ಮತ್ತೆ ಓಗ್ಬೇಡ ಕಣಮ್ಮಿ' ಅಂತ ಅಳ್ತಾಳೆ. ನಾನ್ಯಾವತ್ತು ಓಗಿದ್ದೆ ಅಕ್ಕಾ?" ಕನ್ನಡಕ ತೆಗೆದು ಲಂಗಕ್ಕೆ ಒರೆಸಿದಳು. "ಇದೊಂದೇ ನಂದು. ಅವ್ಳಿಗೆ ಕಣ್ಣು ಚೆನ್ನಾಗಿತ್ತಂತೆ. ಪೇಪರಲ್ಲಿ ಬೇಕಾದ್ರೂ ಬರೀರಿ, ಎಸ್ರು ಮಾತ್ರ ಆಕ್ಬೇಡಿ."

ಮಾರನೇ ದಿನ ಬೆಳಿಗ್ಗೆ ಬೇಗ ಆಫೀಸಿಗೆ ಹೋದೆ. ಇಬ್ಬರು ಎಂದು ಬೇರೆ ಮಾಡಿದೆ. ಹುಟ್ಟೂ ಸಾವೂ ಎರಡೂ ಇದ್ದ ಅಕ್ಕನ ದಾಖಲೆ ಸಲೀಸಾಗಿ ಸೇವ್ ಆಯಿತು.

ತಂಗಿಯದು ಆಗಲಿಲ್ಲ. ಲಸಿಕೆ, ಶಾಲೆ, ಕನ್ನಡಕ ಎಲ್ಲಾ ಇದೆ. ಹುಟ್ಟಿದ ದಿನ ಇಲ್ಲ. ಹುಟ್ಟದವರನ್ನು ಸಾಫ್ಟ್‌ವೇರ್ ಸೇರಿಸಿಕೊಳ್ಳುವುದಿಲ್ಲ. ಕೆಂಪು ಅಕ್ಷರ ಬಂತು: ಈ ಜಾಗ ಖಾಲಿ ಬಿಡುವಂತಿಲ್ಲ.

'ಅರಿಸಿನ ಬೇಯಿಸುವ ಕಾಲ' ಎಂದು ಟೈಪ್ ಮಾಡಿದೆ. ಒಪ್ಪಲಿಲ್ಲ.

ಮತ್ತೆ ಅದನ್ನೇ ಟೈಪ್ ಮಾಡಿದೆ.