ಮೂವತ್ತು ಹೆಜ್ಜೆ ಕೆಳಗೆ ಕೂರುವ ಹಗ್ಗದಕ್ಕ

ಬೆಳಕು ಇನ್ನೂ ಕಿಟಕಿಯ ಮೇಲಂಚಿಗಷ್ಟೇ ಬಂದಿದೆ. ಹಗ್ಗದ ಕೋಣೆಯಲ್ಲಿ ಒಬ್ಬಳು ಕಣ್ಣು ಮುಚ್ಚಿ ಕೂತಿದ್ದಾಳೆ. ಹೊಸ ಹಗ್ಗ ಸುರುಳಿ ಬಿಚ್ಚಿಕೊಂಡು ಅವಳ ಬರಿಗೈಗಳ ನಡುವೆ ಹಾದು ಬುಟ್ಟಿಗೆ ಇಳಿಯುತ್ತಿದೆ. ತುಟಿಗಳು ಅಲುಗುತ್ತವೆ: "ಇದು ನೀಲಿ ಇಳಿಜಾರು... ಇದು ಗಾಳಿ ಮೂಲೆ..." ಹಗ್ಗ ಸರಿದ ಹಾಗೆಲ್ಲ ಅವಳು ಕೂತಲ್ಲೇ ಪರ್ವತ ಹತ್ತುತ್ತಿದ್ದಾಳೆ.

ಎಲ್ಲರಿಗೂ ಅವಳು ಹಗ್ಗದಕ್ಕ. ಅಪ್ಪನ ಕಾಲು ಮುರಿದ ವರ್ಷ, ಅವನ ಬೂಟಿಗೆ ಬಟ್ಟೆ ತುರುಕಿಕೊಂಡು ಹೊರೆ ಹೊರಲು ಹೊರಟ ಹದಿನೇಳರ ಹುಡುಗಿ ಪಕ್ಕದ ಮನೆಯ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದ್ದಾಳೆ. ಈಗ ಐವತ್ತೊಂದು. ಬೆನ್ನ ಮೇಲೆ ಇಪ್ಪತ್ತು ಕಿಲೋ, ಒಂದು ಹೆಜ್ಜೆಗೆ ಎಂಟು ಉಸಿರು. ಹನ್ನೊಂದು ಸಲ ಹೋಗಿದ್ದಾಳೆ. ಆದರೆ ತುದಿ ಮುಟ್ಟಿಲ್ಲ.

ಕಾರಣ ದೊಡ್ಡದೇನಲ್ಲ. ಕಟ್ಟಿದ ಹಗ್ಗ ಶಿಖರಕ್ಕೆ ಮೂವತ್ತು ಹೆಜ್ಜೆ ಇರುವಾಗ ಮುಗಿಯುತ್ತದೆ. ಅಲ್ಲಿ ಬಂಡೆಯ ಸಂದಿನಲ್ಲಿ ಒಬ್ಬರು ಕೂತು, ಮೇಲೆ ಹೋಗುವವರ ಸೊಂಟದ ಹಗ್ಗ ಹಿಡಿಯಬೇಕು. ಕೂರುವವಳು ಇವಳೇ.

"ಮೇಲಿಂದ ಇಳಿದೋರ್ನೆಲ್ಲ ಕೇಳ್ತೀನಿ, ಆ ಕಡೆ ಏನ್ ಕಾಣುತ್ತೆ ಅಂತ. ಒಬ್ರು ಬರೀ ನಗ್ತಾರೆ, ಒಬ್ರು ಅಳ್ತಾರೆ. ನನ್ನ ತಮ್ಮ ಮಾತ್ರ, ಬರೀ ಮೋಡ ಕಣಕ್ಕ, ಅಂತಾನೆ. ಆರು ಸಲಾನೂ ಮೋಡಾನೇ!"

ತಮ್ಮನೇ ತಂಡದ ಮುಖ್ಯಸ್ಥ. ಮಂಡಿ ಸವೆದಿರುವ ಅಕ್ಕನಿಗೆ ಇದು ಕೊನೆಯ ಸಲ ಎಂದು ಉದ್ದದ ಹಗ್ಗವನ್ನೇ ತರಿಸಿದ್ದಾನೆ. ತುದಿಯವರೆಗೂ ಕಟ್ಟಿದರೆ ಯಾರೂ ಕೆಳಗೆ ಕೂರಬೇಕಿಲ್ಲ.

ಹಗ್ಗದಲ್ಲಿ ದೋಷ ಹುಡುಕುತ್ತಿದ್ದ ಅವಳ ಕೈ ತಟ್ಟನೆ ನಿಲ್ಲುತ್ತದೆ. ಅದೇ ಜಾಗವನ್ನು ಎರಡು ಸಲ ಮಡಿಸಿ ನೋಡುತ್ತಾಳೆ. ಮೇಲೆ ಒಂದು ಗೀರೂ ಇಲ್ಲ. ಒಳಗಿನ ಎಳೆ ಸತ್ತಿದೆ; ಭಾರ ಬಿದ್ದರೆ ಹರಿಯುತ್ತದೆ.

ಬಾಗಿಲಲ್ಲಿ ನಿಂತ ತಮ್ಮ ಹೇಳುತ್ತಾನೆ: "ಅಲ್ಲೊಂದು ಗಂಟು ಹಾಕಿಬಿಡಕ್ಕ. ಬೇರೆ ತರಿಸೋಕೆ ಟೈಮಿಲ್ಲ, ನಾಲ್ಕೇ ದಿನ ಆಕಾಶ ತಿಳಿಯಾಗಿರೋದು."

"ಗಂಟು ದಾಟೋಕೆ ಹಗ್ಗಕ್ಕೆ ಹಾಕಿದ ಸೊಂಟದ ಕೊಕ್ಕೆ ಬಿಚ್ಬೇಕು ತಾನೆ? ಅಷ್ಟೆತ್ತರದಲ್ಲಿ ತಲೆ ಎಲ್ಲೋ ತೇಲ್ತಿರುತ್ತೆ ಕಣೋ. ಬಿಚ್ಚಿದೋರು ಮತ್ತೆ ಹಾಕೋದೇ ಮರೀತಾರೆ. ನೀನೇ ಒಂದ್ಸಲ ಮರ್ತಿದ್ದೆ. ಕಾಲರ್ ಹಿಡಿದು ಎಳೆದೋರು ಯಾರು?"

ತಮ್ಮ ತಲೆ ಕೆರೆದುಕೊಳ್ಳುತ್ತಾನೆ. "ಕತ್ತರಿಸಿದ್ರೆ ಗಿಡ್ಡ ಆಗುತ್ತೆ. ಮತ್ತೆ ನೀನೇ ಕೂರ್ಬೇಕಾಗುತ್ತೆ."

"ಇಷ್ಟು ವರ್ಷ ಏನ್ ಕುಣೀತಿದ್ನಾ?"

ಚಾಕು ಹಗ್ಗದ ಮೇಲೆ ಒಂದೇ ಸಲ ಆಡುತ್ತದೆ. ಕತ್ತರಿಸಿದ ತುದಿಯ ಎಳೆ ಬಿಚ್ಚದಂತೆ ಬೆಂಕಿಗೆ ಹಿಡಿಯುತ್ತಾಳೆ, ಊದಿ ಆರಿಸುತ್ತಾಳೆ. ಬಿಸಿಲು ಈಗ ಮಡಿಲಿಗೆ ಇಳಿದಿದೆ. ತಮ್ಮ ಹಗ್ಗ ಸುತ್ತುತ್ತಿದ್ದಾನೆ. ಉಳಿದ ಹಗ್ಗಕ್ಕೆ ಮತ್ತೆ ಕಣ್ಣು ಮುಚ್ಚುವ ಮೊದಲು ಅವಳು ಕೇಳುವುದು ಇಷ್ಟೇ:

"ಈ ಸಲ ಮೋಡ ಅಂತ ಸುಳ್ಳು ಹೇಳ್ಬೇಡ. ಇದ್ದದ್ದು ಇದ್ದ ಹಾಗೆ ಹೇಳು. ನಾನೇನು ಅಳಲ್ಲ."